ಹೆಬ್ಬೆರಳ ಬುಡದ ಗಂಟು: ಅಮ್ಮನಿಗೆ ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ: ಅಮ್ಮನ ಎರಡೂ ಕಾಲಿನ ಹೆಬ್ಬೆರಳ ಬುಡದಲ್ಲಿ ಗಂಟು ಎದ್ದಿದೆ. ಬೆರಳು ಪಕ್ಕದ ಬೆರಳಿನ ಮೇಲೆ ವಾಲಿದೆ. ಡಾಕ್ಟರು ಇದಕ್ಕೆ ಬನಿಯನ್ (bunion) ಅನ್ನುತ್ತಾರೆ ಅಂದರು. ಅನುಭವ ಇದ್ದವರು ತಿಳಿಸಿ.

*

ನನಗೂ ಇದೆ, ನನ್ನ ಅಮ್ಮನಿಗೂ ಇತ್ತು. ಮನೆತನದಲ್ಲಿ ಬರುವುದು ಜಾಸ್ತಿ. ಅದು ಹೊಸದಾಗಿ ಬೆಳೆದ ಗಡ್ಡೆಯಲ್ಲ. ಪಾದದ ಉದ್ದ ಮೂಳೆ ಒಂದು ಕಡೆ ಸರಿದು, ಹೆಬ್ಬೆರಳು ಇನ್ನೊಂದು ಕಡೆ ವಾಲುತ್ತದೆ. ನಡುವಿನ ಕೀಲು ಹೊರಗೆ ಚಾಚಿ ಗಂಟಿನ ಹಾಗೆ ಕಾಣುತ್ತದೆ. ಎಣ್ಣೆ ತಿಕ್ಕಿದರೆ, ಪಟ್ಟು ಹಾಕಿದರೆ ಕರಗುವಂಥದ್ದಲ್ಲ. ಬೆರಳ ಮಧ್ಯೆ ಇಡುವ ಸಿಲಿಕಾನ್ ತುಂಡು, ರಾತ್ರಿ ಕಟ್ಟುವ ಪಟ್ಟಿ ನೋವಿಗೆ ಹಾಯೆನಿಸಬಹುದು, ಬೆರಳನ್ನು ನೆಟ್ಟಗೆ ಮಾಡುವುದಿಲ್ಲ. ನೆಟ್ಟಗಾಗುತ್ತೆ ಅಂತ ಮಾರುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

ನನಗೆ ಆರಾಮ ಸಿಕ್ಕಿದ್ದು ಚಪ್ಪಲಿ ಬದಲಿಸಿದ ಮೇಲೆ. ಅಮ್ಮನನ್ನು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅದರ ಮೇಲೆ ಅವರ ಚಪ್ಪಲಿ ಇಡಿ. ಗಂಟಿನ ಹತ್ತಿರ ಗೆರೆ ಹೊರಗೆ ಕಂಡರೆ ಆ ಜೋಡಿ ಬೇಡ. ಹೊಸದನ್ನು ಸಂಜೆ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಕಾಲುಂಗುರವನ್ನೂ ನೋಡಿ. ವಾಲಿದ ಹೆಬ್ಬೆರಳು ಅದಕ್ಕೆ ಒತ್ತಿ ನನ್ನ ಚರ್ಮ ಸುಲಿದು ಹೋಗುತ್ತಿತ್ತು. ತೆಳುವಾದದ್ದು ಹಾಕಿಕೊಂಡ ಮೇಲೆ ನಿಂತಿತು.

*

ನಾನು ಬಲಗಾಲಿಗೆ ಆಪರೇಷನ್ ಮಾಡಿಸಿಕೊಂಡವಳು. ಅಗಲ ಶೂ ಹಾಕಿದರೂ ನಡೆಯಲಾಗದಷ್ಟು ನೋವಿತ್ತು, ಅದಕ್ಕೇ ಮಾಡಿಸಿದೆ. ನೋಡಲು ಚೆನ್ನಾಗಿಲ್ಲ ಅನ್ನುವುದಕ್ಕೆ ಮಾತ್ರ ಬೇಡ ಅನ್ನುತ್ತೇನೆ. ಎಕ್ಸ್‌ರೇ ನಿಂತುಕೊಂಡೇ ತೆಗೆಸಿ, ಭಾರ ಬಿದ್ದಾಗಲೇ ವಾಲಿದ್ದು ಎಷ್ಟು ಅಂತ ಸರಿಯಾಗಿ ಕಾಣುವುದು. ಸಾಮಾನ್ಯವಾಗಿ 15 ಡಿಗ್ರಿ ದಾಟಿದರೆ ಬನಿಯನ್, 40 ದಾಟಿದರೆ ಜೋರಾಗಿದೆ ಅಂತ ಲೆಕ್ಕ. ಮೂಳೆ ಕತ್ತರಿಸಿ, ಸರಿಸಿ, ಸ್ಕ್ರೂ ಹಾಕುತ್ತಾರೆ. ಕೂಡಲು 6ರಿಂದ 12 ವಾರ ಬೇಕು. ಊತ ಇಳಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಒಲೆ ಮುಂದೆ ನಿಲ್ಲುವವರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಹೆಂಗಸರು ಇದೊಂದಕ್ಕೇ ಮುಂದೂಡುತ್ತಾರೆ, ಅಲ್ವಾ? ಮತ್ತೆ ವಾಲುವುದೂ ಉಂಟು, ಅದನ್ನೂ ಡಾಕ್ಟರ ಹತ್ತಿರ ಕೇಳಿ.

*

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯಾ? ಇದ್ದರೆ ಗಂಟಿನ ಮೇಲಿನ ಚರ್ಮವನ್ನು ದಿನಾ ನೋಡಿ. ಕಾಲು ಜೋಮು ಹಿಡಿದಿದ್ದರೆ ಚಪ್ಪಲಿ ಕಚ್ಚಿ ಗಾಯವಾದದ್ದೇ ಗೊತ್ತಾಗುವುದಿಲ್ಲ. ಇನ್ನೊಂದು, ರಾತ್ರೋರಾತ್ರಿ ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ನೋಯುವಂತಾದರೆ ಅದು ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುಬಾಧೆ) ಇರಬಹುದು, ಸೋಂಕೂ ಇರಬಹುದು. ಆಗ ಚಪ್ಪಲಿ ಹುಡುಕುತ್ತಾ ಕೂರಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.