ಕಾಳುಮೆಣಸಿನ ತೆನೆ ಹಸಿರಿರುವಾಗಲೇ ಉದುರುತ್ತಿದೆ, ಅನುಭವ ಇದ್ದವರು ಹೇಳಿ

ಮಾದಾಪುರ ತೋಟ: ಅರೇಬಿಕಾ ಕಾಫಿ ಮಧ್ಯೆ ಸಿಲ್ವರ್ ಓಕ್ ಮರಕ್ಕೆ ಪಣಿಯೂರು-1 ತಳಿಯ ಬಳ್ಳಿ ಹಬ್ಬಿಸಿದ್ದೇನೆ. ಎಲೆಯಲ್ಲಿ ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ತೆನೆ ಉದುರಿ ಬುಡದಲ್ಲಿ ಹಾಸಿದೆ, ಉಳಿದ ಕೆಲವು ಕಾಳು ಬಿರಿದಿವೆ. ಅಂಗಡಿಯವರು ಮೆಟಲಾಕ್ಸಿಲ್ ಸೇರಿದ ಶಿಲೀಂಧ್ರನಾಶಕ ಪುಡಿ ಕೊಟ್ಟರು. ಹೊಡೆಯಲಾ? ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಬೋರ್ಡೋ, ಅಂದ್ರೆ ತಾಮ್ರದ ಮೈಲುತುತ್ತ ಮತ್ತು ಸುಣ್ಣ ಕಲಸಿದ ದ್ರಾವಣ, ನಿಲ್ಲುತ್ತಾ?

ಗೋಣಿಕೊಪ್ಪ ರೊಬಸ್ಟಾ: ಬೋರ್ಡೋ ಬಿಟ್ಟರೆ ಬೇರೆ ದಾರಿ ಇಲ್ಲ ಮಾರಾಯ್ರೇ. ನಾನು ಮಳೆ ಹಿಡಿಯುವ ಮೊದಲೇ ಒಂದು ಸಲ, ಆಗಸ್ಟಿನಲ್ಲಿ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸಲ ಹೊಡೆಸುತ್ತೇನೆ. ಖರ್ಚು ಕೇಳಬೇಡಿ. ಏಣಿ ಹತ್ತುವವರಿಗೆ ದಿನಕ್ಕೆ 900, ಕೆಳಗೆ ಪೈಪ್ ಹಿಡಿಯುವವರಿಗೆ 600, ಊಟ ಕಾಫಿ ಬೇರೆ, ಪಂಪಿಗೆ ಪೆಟ್ರೋಲ್ ಬೇರೆ. ಮಧ್ಯಾಹ್ನ ಒಂದು ಮಳೆ ಬಂತು ಅಂದ್ರೆ ಕಲಸಿದ ಬ್ಯಾರಲ್ ಪೂರಾ ಚೆಲ್ಲಬೇಕು, ನಾಳೆಗೆ ಇಟ್ಟರೆ ಅದು ಬರೀ ನೀಲಿ ನೀರು. ಆಳಿಗೆ ಕೂಲಿ ಮಾತ್ರ ಕೊಡಲೇಬೇಕು. 2018ರ ಆಗಸ್ಟ್ ಮಳೆಯಲ್ಲಿ ಎರಡನೇ ಸುತ್ತು ಹೊಡೆಯಲು ಒಂದು ಹೊಳವೂ ಸಿಗಲಿಲ್ಲ. ಆ ವರ್ಷ ಹಳ್ಳದ ಬದಿಯ ಸಾಲು ಪೂರಾ ಹೋಯಿತು. ಆದರೂ ಗುಡ್ಡದ ಮೇಲಿನ ಬಳ್ಳಿ ಇವತ್ತಿಗೂ ನಿಂತಿದೆ, ಬಂದು ನೋಡಿ ಬೇಕಾದ್ರೆ.

ಕಾರೆಕಾಡು ಬದಿ: ಅಣ್ಣಾ, ನಿಮ್ಮ ಹಳ್ಳದ ಸಾಲು ಹೋದದ್ದು ಸೊರಗು ರೋಗದಲ್ಲಿ. ಅವರು ಹೇಳುತ್ತಿರುವುದು ಪೊಳ್ಳು ರೋಗ. ಎರಡೂ ಬೇರೆ. ಸೊರಗು ತರುವುದು ಫೈಟೊಫ್ತೊರ ಎಂಬ ರೋಗಾಣು, ಬೇರು ಮತ್ತು ಬುಡ ಕೊಳೆಸಿ ಬಳ್ಳಿಯನ್ನೇ ಮಲಗಿಸುತ್ತದೆ. ಪೊಳ್ಳು ತರುವುದು ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರ, ಅದಕ್ಕೆ ಮೆಟಲಾಕ್ಸಿಲ್ ಏನೂ ಮಾಡುವುದಿಲ್ಲ. ಆ ಪುಡಿಯಲ್ಲಿ ಜೊತೆಗೆ ಮ್ಯಾಂಕೋಜೆಬ್ ಇದ್ದರೆ ಅದರಿಂದ ಸ್ವಲ್ಪ ಉಪಯೋಗ, ಅಷ್ಟೆ. ದುಡ್ಡು ಕೊಟ್ಟದ್ದು ಮಾತ್ರ ಮೆಟಲಾಕ್ಸಿಲ್‌ಗೆ! ನನಗೂ ಒಬ್ಬರು ಇದನ್ನೇ ಕಟ್ಟಿದ್ದರು, ಡಬ್ಬ ಈಗಲೂ ಶೆಡ್ಡಿನಲ್ಲಿದೆ, ನೋಡಿದಾಗೆಲ್ಲ ಉರಿಯುತ್ತದೆ. ಆಮೇಲೆ ಕಾರ್ಬೆಂಡಜಿಮ್ ಮ್ಯಾಂಕೋಜೆಬ್ ಸೇರಿದ್ದನ್ನು ಲೀಟರಿಗೆ 1 ಗ್ರಾಂ ಹಾಕಿ ಹೊಡೆಸಿದೆ, ಹೊಸ ಚುಕ್ಕೆ ನಿಂತಿತು.

ಗೋಣಿಕೊಪ್ಪ ರೊಬಸ್ಟಾ: ಬೋರ್ಡೋ ಎರಡಕ್ಕೂ ಆಗುತ್ತದೆ, ಅದಕ್ಕೇ ಹೇಳಿದ್ದು. ಪಾಠ ಬೇಡ.

ಸಾವಯವ ಶನಿವಾರಸಂತೆ: ಎಲ್ಲರೂ ತಾಮ್ರ ಸುರಿಯುವುದೇ ಆಯಿತು. ವರ್ಷ ವರ್ಷ ಸುರಿದ ತಾಮ್ರ ಮಣ್ಣಿನಲ್ಲೇ ಕೂರುತ್ತದೆ, ಎಲ್ಲಿಗೂ ಹೋಗಲ್ಲ. ನಾನು ಸಗಣಿ ಗೊಬ್ಬರ, ಬೇವಿನ ಹಿಂಡಿಯಲ್ಲಿ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆಳೆಸಿ ಬುಡಕ್ಕೆ ಹಾಕುತ್ತೇನೆ. ಪಕ್ಕದವರು ನಕ್ಕರು. ಈಗ ಅವರೇ ಬಂದು ಗೊಬ್ಬರ ಕೇಳುತ್ತಾರೆ. ಕೊಡಲ್ಲ.

ಕಾರೆಕಾಡು ಬದಿ: ಬುಡಕ್ಕೆ ಹಾಕಿದ ಟ್ರೈಕೋಡರ್ಮಾ ಮೂವತ್ತು ಅಡಿ ಮೇಲಿನ ತೆನೆಯ ಚುಕ್ಕೆಗೆ ಏನು ಮಾಡುತ್ತದೆ ಸ್ವಾಮಿ? ಸೊರಗಿಗೆ ಹಾಕಿ, ಒಳ್ಳೆಯದೇ. ಆದರೆ ಅದು ಹಾಕಿದ ಬುಡಕ್ಕೆ ತಾಮ್ರ ಹುಯ್ದರೆ ಟ್ರೈಕೋಡರ್ಮಾ ದಂಡ, ಅದನ್ನೂ ಜನಕ್ಕೆ ಹೇಳಿ.

ಸಾವಯವ ಶನಿವಾರಸಂತೆ: ನಿಮ್ಮ ಮೆಣಸನ್ನು ನೀವೇ ತಿನ್ನುತ್ತೀರಾ?

ಕಾರೆಕಾಡು ಬದಿ: ತಿನ್ನುತ್ತೇನೆ. ಪಂದಿಕರಿಗೆ ಬೇರೆ ಮೆಣಸು ತರಲ್ಲ.

ಹಳೇ ಪ್ಲಾಂಟರ್, ಪೊನ್ನಂಪೇಟೆ: ಔಷಧಿ ಜಗಳ ಆಮೇಲೆ ಆಡಿ. ನೆರಳು ಯಾರೂ ಕೇಳಲಿಲ್ಲ. ಪಣಿಯೂರು-1 ಬಿಸಿಲು ಬೇಡುವ ತಳಿ, ದಟ್ಟ ನೆರಳಿನಲ್ಲಿ ಕಾಳೇ ಕಟ್ಟುವುದಿಲ್ಲ. ಮಳೆಗೆ ಮೊದಲು ಕೊಂಬೆ ಕಡಿಸದಿದ್ದರೆ ಎಲೆ ದಿನವಿಡೀ ಒದ್ದೆ, ಶಿಲೀಂಧ್ರಕ್ಕೆ ಅದಕ್ಕಿಂತ ಹಬ್ಬ ಬೇಕಾ? ನಾನು ಹೊಸದಾಗಿ ನೆಡುವಾಗ ತೇವಂ ತಳಿ ಹಾಕಿಸಿದೆ. ಎತ್ತರದ ಜಾಗಕ್ಕೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರದವರು ಅದನ್ನೇ ಹೇಳುತ್ತಾರೆ, ಸೊರಗನ್ನೂ ಒಂದಷ್ಟು ತಡೆಯುತ್ತದೆ. ತೋಟದವರ ಸುದ್ದಿಯೆಲ್ಲ ಈಗ ಸಿಲ್ವರ್ ಓಕ್! ನಮ್ಮ ಅಪ್ಪ ಹಾಲುವಾಣದ ಮರಕ್ಕೆ ಹಬ್ಬಿಸಿದ್ದ ಬಳ್ಳಿಗೆ ಇಷ್ಟು ರಗಳೆ ಇರಲಿಲ್ಲ.

ಗೋಣಿಕೊಪ್ಪ ರೊಬಸ್ಟಾ: ಹಾಲುವಾಣದ ಮೇಲೆ ಏಣಿ ಇಡಿ, ಮುರಿದು ಬಿದ್ದವನ ಆಸ್ಪತ್ರೆ ಬಿಲ್ ನೀವೇ ಕಟ್ಟಿ. ನಾನು ಕಟ್ಟಿದ್ದೇನೆ. ಆಮೇಲೆಯೇ ಸಿಲ್ವರಿಗೆ ಬಂದದ್ದು.

ಕುಶಾಲನಗರ ಶುಂಠಿ: ಮೆಣಸಿನವರಿಗೆ ಬಳ್ಳಿಯಾದರೂ ಉಳಿಯುತ್ತದೆ. ಶುಂಠಿಗೆ ಕೊಳೆ ಬಂದರೆ ಗುತ್ತಿಗೆ ಜಮೀನಿನ ದುಡ್ಡು, ಬಿತ್ತನೆ ಗೆಡ್ಡೆ, ಹನಿ ನೀರಾವರಿ, ಎಲ್ಲ ಒಂದೇ ವಾರದಲ್ಲಿ ಮಣ್ಣುಪಾಲು. ಗೆಡ್ಡೆ ಕಿತ್ತರೆ ನಾತ!

ಹಳೇ ಪ್ಲಾಂಟರ್, ಪೊನ್ನಂಪೇಟೆ: ಗದ್ದೆ ಹಾಳು ಮಾಡಿದ್ದೇ ನಿಮ್ಮ ಶುಂಠಿ.

ಕುಶಾಲನಗರ ಶುಂಠಿ: ಗದ್ದೆ ಗುತ್ತಿಗೆಗೆ ಕೊಟ್ಟವರು ಯಾರು ಸಾರ್?

ಮಾದಾಪುರ ತೋಟ: ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ. ಪುಡಿ ವಾಪಸ್ ಕೊಡಲು ಹೋದರೆ ಅಂಗಡಿಯವರು ತೆಗೆದುಕೊಳ್ಳುತ್ತಿಲ್ಲ. ಬೋರ್ಡೋ ನಿನ್ನೆ ಕಲಸಿದೆ, ಎಲೆ ಅಂಚು ಸುಟ್ಟ ಹಾಗೆ ಕಾಣುತ್ತಿದೆ.

ಕಾರೆಕಾಡು ಬದಿ: ಸುಣ್ಣ ಕಮ್ಮಿ ಆಗಿದೆ. ನೂರು ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ಬೇರೆ ಬೇರೆ ಪ್ಲಾಸ್ಟಿಕ್ ಬ್ಯಾರಲ್‌ನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಿರಿ, ಉಲ್ಟಾ ಅಲ್ಲ. ಉಜ್ಜಿದ ಚಾಕು ಅದ್ದಿ ನೋಡಿ, ಕೆಂಪು ಕೂತರೆ ಇನ್ನೂ ಸುಣ್ಣ ಬೇಕು.

ಗೋಣಿಕೊಪ್ಪ ರೊಬಸ್ಟಾ: ಉಲ್ಟಾ ಹುಯ್ದರೂ ಆಗುತ್ತದೆ, ನಾನು ಹಾಗೇ ಮಾಡುತ್ತಾ ಬಂದಿದ್ದೇನೆ.

ಕಾರೆಕಾಡು ಬದಿ: ಅದಕ್ಕೇ ನಿಮ್ಮ ಪಂಪಿನ ನಾಜಲ್ ದಿನಾ ಕಟ್ಟಿಕೊಳ್ಳುವುದು.