ದೊಡ್ಡಪ್ಪ ಹಾಕಿದ ಫಾರ್ವರ್ಡ್

ಭಾನುವಾರ ಬೆಳಗ್ಗೆ ದೊಡ್ಡಪ್ಪ ನಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು.

"ನಿಮಗೆ ಗೊತ್ತೇ? ಸ್ಕಾಟ್ಲೆಂಡಿನ ಕೀರ್ ಹಾರ್ಡಿ 10ನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದ. ಮುಂದೆ ಬ್ರಿಟನ್ನಿನ ಲೇಬರ್ ಪಕ್ಷ ಕಟ್ಟಿದ. ಅವನ ಹುಟ್ಟುಹಬ್ಬ ಆಗಸ್ಟ್ 15. ಅದಕ್ಕೇ ಲೇಬರ್ ಸರ್ಕಾರ ನಮಗೆ ಅದೇ ದಿನ ಸ್ವಾತಂತ್ರ್ಯ ಕೊಟ್ಟಿತು! ಎಲ್ಲರಿಗೂ ತಲುಪಿಸಿ."

ಕೆಳಗೆ ಅವರದೇ ಮಾತು.

ದೊಡ್ಡಪ್ಪ: ಮಕ್ಕಳೆಲ್ಲ ಓದಿ. ಹತ್ತು ವರ್ಷಕ್ಕೇ ದುಡಿದಿದ್ದಾನೆ. ಅದಕ್ಕೇ ದೊಡ್ಡ ಮನುಷ್ಯನಾದ. ನಮ್ಮ ಮನೆ ಹುಡುಗರಿಗೆ ಇಪ್ಪತ್ತೈದಾದರೂ ತಟ್ಟೆ ತೊಳೆಯಲು ಬರುವುದಿಲ್ಲ.

ಸಣ್ಣಣ್ಣ: ದೊಡ್ಡಪ್ಪ, ಇದನ್ನು ಯಾರು ಬರೆದದ್ದು? ಹುಟ್ಟಿದ್ದು 1856ರ ಆಗಸ್ಟ್ 15, ಅದು ಸರಿ. ಆದರೆ ನಮ್ಮ ಸ್ವಾತಂತ್ರ್ಯದ ದಿನ ಆರಿಸಿದ್ದು ಮೌಂಟ್‌ಬ್ಯಾಟನ್. 1945ರಲ್ಲಿ ಜಪಾನ್ ಶರಣಾದ ದಿನ ಅಂತ.

ದೊಡ್ಡಪ್ಪ: ನೀನು ಎಲ್ಲದಕ್ಕೂ ಹೀಗೇ. ಯುಗಾದಿಯಲ್ಲಿ ನಾನು ಕಷಾಯದ ವಿಷಯ ಹಾಕಿದಾಗಲೂ ಎಲ್ಲರ ಮುಂದೆ ಹೀಗೇ ಮಾಡಿದ್ದೆ.

ಚಿಕ್ಕಮ್ಮ: ಹೌದು, ಆಮೇಲೆ ನೀವು ಗುಂಪು ಬಿಟ್ಟು ಹೋದಿರಿ. ವಾಪಸ್ ಕರೆತರಲು ಇವರು ಮೂರು ಸಲ ಫೋನ್ ಮಾಡಿದ್ದರು ಭಾವ.

ಅತ್ತೆ: ಆಗಸ್ಟ್ 15 ಅಂದರೆ ನನಗೆ ಶಾಲೆಯಲ್ಲಿ ಕೊಡುತ್ತಿದ್ದ ಬೂಂದಿ ಪೊಟ್ಟಣದ್ದೇ ನೆನಪು. ಪೇಪರೆಲ್ಲ ಎಣ್ಣೆ ಎಣ್ಣೆ. ಒಂದು ವರ್ಷ ನನ್ನ ಪೊಟ್ಟಣವನ್ನೂ ಚಿಕ್ಕಣ್ಣನೇ ತಿಂದುಬಿಟ್ಟಿದ್ದ.

ಚಿಕ್ಕಪ್ಪ: ನಾನಲ್ಲ. ನೀನೇ ಅರ್ಧ ಕೊಟ್ಟಿದ್ದೆ.

ಹತ್ತು ನಿಮಿಷ ಬೂಂದಿಯೇ ನಡೆಯಿತು. ಸಣ್ಣಣ್ಣ ಹೇಳಿದ್ದು ಸರಿ. ಆದರೆ ನನಗೆ ಚುಚ್ಚಿದ್ದು ತಾರೀಖಲ್ಲ. "ಅದಕ್ಕೇ ದೊಡ್ಡ ಮನುಷ್ಯನಾದ" ಅನ್ನುವ ಮಾತು. ಹಾಗಾಗಿ ಉದ್ದಕ್ಕೆ ಬರೆದು ಹಾಕಿದೆ.

ನಾನು: ದೊಡ್ಡಪ್ಪ, ಆ ಹುಡುಗ ಗಣಿಗೆ ಇಳಿಯುವ ಮೊದಲು ಗ್ಲಾಸ್ಗೋದಲ್ಲಿ ಒಂದು ಬೇಕರಿಯಲ್ಲಿದ್ದ. ವಾರಕ್ಕೆ ಮೂರೂವರೆ ಶಿಲಿಂಗ್. ಅಪ್ಪನಿಗೆ ಕೆಲಸವಿಲ್ಲ, ಅಮ್ಮ ತುಂಬು ಬಸುರಿ, ತಮ್ಮನಿಗೆ ಜ್ವರ. ಮನೆಗೆ ಬರುತ್ತಿದ್ದದ್ದು ಇವನ ದುಡ್ಡೊಂದೇ. ರಾತ್ರಿಯೆಲ್ಲ ತಮ್ಮನನ್ನು ನೋಡಿಕೊಂಡು ಬೆಳಗ್ಗೆ ತಡವಾಗಿ ಹೋದ. ಯಜಮಾನ ಹೆಂಡತಿ ಮಕ್ಕಳ ಜೊತೆ ತಿಂಡಿಗೆ ಕೂತಿದ್ದ. ಅಲ್ಲಿಗೇ ಕರೆಸಿ ಕೆಲಸದಿಂದ ತೆಗೆದ. ಆ ವಾರದ ಸಂಬಳವನ್ನೂ ಹಿಡಿದುಕೊಂಡ. ಆಮೇಲೇ ಗಣಿ. ಗಣಿಯೊಳಗೆ ಗಾಳಿ ಆಡಲು ಇಟ್ಟ ಬಾಗಿಲು ತೆಗೆದು ಮುಚ್ಚುವ ಕೆಲಸ, ಕತ್ತಲಲ್ಲಿ ದಿನಕ್ಕೆ 10 ಗಂಟೆ. ಹೊಗೆ ಹಿಡಿಸಿ ಕಪ್ಪು ಮಾಡಿದ ಕಲ್ಲಿನ ಮೇಲೆ ಪಿನ್ನಿನಿಂದ ಗೀಚಿ ಶೀಘ್ರಲಿಪಿ ಕಲಿತ. ಕೂಲಿ ಜಾಸ್ತಿ ಮಾಡಿ ಅಂತ ಜನರನ್ನು ಸೇರಿಸಿದಾಗ ಕೆಲಸ ಹೋಯಿತು, ಬೇರೆ ಯಾವ ಗಣಿಯೂ ಸೇರಿಸಿಕೊಳ್ಳಲಿಲ್ಲ. ಹಾರ್ಡಿ ಯೂನಿಯನ್ ಕಟ್ಟಿದ್ದು, 1892ರಲ್ಲಿ ಪಾರ್ಲಿಮೆಂಟಿಗೆ ಹೋದದ್ದು ಇಂಥದ್ದು ಇನ್ನೊಂದು ಮಗುವಿಗೆ ಬರಬಾರದು ಅಂತ. ದುಡಿದದ್ದಕ್ಕೆ ದೊಡ್ಡವರಾದದ್ದಲ್ಲ.

ಭಾವ: ಇಷ್ಟುದ್ದ ಯಾರು ಓದುತ್ತಾರೆ? ಚಿಕ್ಕದಾಗಿ ಹೇಳು. ಇಂಡಿಯಾಕ್ಕೆ ಏನು ಮಾಡಿದರು?

ಸಣ್ಣಣ್ಣ: 1907ರಲ್ಲಿ ಬಂದಿದ್ದರು. ಬಂಗಾಳ ಒಡೆದ ಗಲಾಟೆಯ ಕಾಲ. ಊರೂರು ಸುತ್ತಿದರು, ಪುಣೆಯಲ್ಲಿ ತಿಲಕರನ್ನು ಕಂಡರು. ಕೆನಡಾಕ್ಕೆ ಇರುವಂತೆ ಇಂಡಿಯಾಕ್ಕೂ ಸ್ವಂತ ಆಡಳಿತ ಬೇಕು ಅಂದರು. ಅವರ ಮಾತು ತಂತಿಯಲ್ಲಿ ಲಂಡನ್ನಿಗೆ ಹೋಗಿ ಪತ್ರಿಕೆಗಳು ಬೆಂಕಿ ಕಾರಿದವು. ನಾನು ಹೇಳಿದ್ದನ್ನು ತಿರುಚಿದ್ದಾರೆ ಅಂತ ಅವರೇ ಹೇಳಬೇಕಾಯಿತು. ಇದು ನಿಜವಾಗಿ ನಡೆದದ್ದು. ಹುಟ್ಟುಹಬ್ಬದ ಕಥೆ ಯಾಕೆ ಬೇಕು?

ಭಾವ: ಕೊನೆಗೂ ಸ್ವಾತಂತ್ರ್ಯ ಕೊಟ್ಟದ್ದು ಲೇಬರ್ ಸರ್ಕಾರವೇ ಅಲ್ವಾ? ಹಾಗಾದರೆ ದೊಡ್ಡಪ್ಪ ಹೇಳಿದ್ದು ಸರಿ.

ಸಣ್ಣಣ್ಣ: ಕೊಟ್ಟದ್ದಲ್ಲ, ನಾವು ಪಡೆದದ್ದು. ಸರ್ಕಾರ ಲೇಬರ್ ಪ್ರಧಾನಿ ಆಟ್ಲಿಯವರದು, ಹೌದು. ಹಾರ್ಡಿ ತೀರಿಕೊಂಡದ್ದು 1915ರಲ್ಲಿ.

ದೊಡ್ಡಪ್ಪ: ಎಲ್ಲರೂ ಚೆನ್ನಾಗಿ ಓದಿಕೊಂಡಿದ್ದೀರಿ. ಸಂತೋಷ. ನಿಮ್ಮಪ್ಪ ಕಾಲೇಜಿಗೆ ಹೋಗುವಾಗ ಫೀಸು ಎಲ್ಲಿಂದ ಬಂತು ಅಂತಲೂ ಓದಿಕೊಳ್ಳಿ.

ಗುಂಪು ಗಪ್‌ಚಿಪ್ ಆಯಿತು. ದೊಡ್ಡಪ್ಪ ಎಸ್ಎಸ್ಎಲ್‌ಸಿಗೆ ಓದು ನಿಲ್ಲಿಸಿ ಬಟ್ಟೆ ಅಂಗಡಿ ಸೇರಿದ್ದು ನಮಗೆಲ್ಲ ಗೊತ್ತು. ಯಾರೂ ಅದರ ಮಾತೆತ್ತುವುದಿಲ್ಲ. ಫಾರ್ವರ್ಡ್‌ನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಆಗಸ್ಟ್ 15 ಅಲ್ಲ, ಆ ಹತ್ತು ವರ್ಷದ ಹುಡುಗ. ಅದು ನನಗೆ ಹೊಳೆದದ್ದು ಆಗಲೇ.

ಅತ್ತೆ ಒಂದು ದೇವರ ಫೋಟೋ ಹಾಕಿದರು. ಚಿಕ್ಕಮ್ಮ ಕೈಮುಗಿದರು. ಮಧ್ಯಾಹ್ನ ಊಟವಾದ ಮೇಲೆ, ನನ್ನ ಉದ್ದದ ಮೆಸೇಜಿಗೇ ಒಂದು ಉತ್ತರ ಬಂತು.

ದೊಡ್ಡಪ್ಪ: ಆ ತಮ್ಮ ಏನಾದ?

ನಾನು: ಉಳಿಯಲಿಲ್ಲ ದೊಡ್ಡಪ್ಪ.

ದೊಡ್ಡಪ್ಪ: ಹಿಡಿದುಕೊಂಡ ಸಂಬಳ?

ನಾನು: ಕೊಡಲಿಲ್ಲ.

ದೊಡ್ಡಪ್ಪ: ನನಗೂ ಒಂದು ಸಲ ಹಿಡಿದಿದ್ದರು. ದೀಪಾವಳಿ ತಿಂಗಳು. ಮನೆಯಲ್ಲಿ ಹೇಳಿರಲಿಲ್ಲ.

ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

ಚಿಕ್ಕಪ್ಪ: ಅಣ್ಣಾ, ಮನೆಯಲ್ಲೇ ಇದ್ದೀಯಾ? ಸಂಜೆ ಬರುತ್ತೇನೆ.