‘ಬಡ್ತಿ’, ‘ಹಿಂಬಡ್ತಿ’ ಫುಟ್‌ಬಾಲ್‌ಗೆ ಒಗ್ಗುತ್ತವೆಯೇ? ಎರಡನೇ ಹಂತದ ಲೀಗ್‌ನ ಕೆಲವು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಎರಡನೇ ಹಂತದ ಲೀಗ್ ಬೆಳೆದುಬಂದ ಬಗೆಯನ್ನು ಕುರಿತು ಕನ್ನಡದಲ್ಲಿ ದೀರ್ಘ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಪ್ರಮೋಷನ್’ ಮತ್ತು ‘ರೆಲಿಗೇಷನ್’ ಎಂಬ ಎರಡು ಮಾತುಗಳು ಪ್ರತಿ ಪುಟದಲ್ಲೂ ಬರುತ್ತವೆ. ಇವಕ್ಕೆ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಬಡ್ತಿ’ ಮತ್ತು ‘ಹಿಂಬಡ್ತಿ’. ಓದುಗರಿಗೆ ತಕ್ಷಣ ಅರ್ಥವಾಗುವ ಪದಗಳು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಎಲ್ಲ ಕಡೆಯೂ ಇವನ್ನೇ ಬಳಸಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಬಡ್ತಿ ಕಚೇರಿಯ ಮಾತು. ಅದನ್ನು ಯಾರೋ ಕೊಡಬೇಕು, ಇನ್ನೊಬ್ಬರು ಪಡೆಯಬೇಕು. ಹಿಂಬಡ್ತಿಯಲ್ಲಂತೂ ಶಿಸ್ತುಕ್ರಮದ ವಾಸನೆಯೇ ಇದೆ. ಲೀಗ್‌ನಲ್ಲಿ ಹಾಗಲ್ಲ. ಋತುವಿನ ಕೊನೆಗೆ ಅಂಕಪಟ್ಟಿಯ ಮೇಲಿನ ತಂಡಗಳು ತಾವಾಗಿಯೇ ಮೇಲಿನ ಹಂತಕ್ಕೆ ಹೋಗುತ್ತವೆ, ತಳದಲ್ಲಿರುವ ತಂಡಗಳು ಕೆಳಗಿನ ಹಂತಕ್ಕೆ ಬೀಳುತ್ತವೆ. ಯಾರ ಆದೇಶವೂ ಬೇಕಿಲ್ಲ. ಹಾಗಾಗಿ ‘ತಂಡಕ್ಕೆ ಬಡ್ತಿ ನೀಡಲಾಯಿತು’ ಎಂದು ಓದಿದಾಗ ಆಟಗಾರರ ದುಡಿಮೆಯನ್ನು ಯಾವುದೋ ಸಮಿತಿಯ ಲೆಕ್ಕಕ್ಕೆ ಬರೆದಂತೆ ನನಗೆ ಅನಿಸುತ್ತದೆ.

ಆದರೆ ಚರಿತ್ರೆಯಲ್ಲಿ ‘ನೀಡಲಾಯಿತು’ ಎಂಬುದೇ ಸರಿಯಾದ ಸಂದರ್ಭಗಳೂ ಇವೆ. ನನ್ನ ಪ್ರಶ್ನೆ ಹುಟ್ಟುವುದು ಅಲ್ಲೇ.

ಫುಟ್‌ಬಾಲ್ ಲೀಗ್ 1888ರಲ್ಲಿ 12 ತಂಡಗಳೊಂದಿಗೆ ಆರಂಭವಾಯಿತು. ಎದುರಾಳಿ ಸಂಘಟನೆಯಾಗಿದ್ದ ಫುಟ್‌ಬಾಲ್ ಅಲಯನ್ಸ್ ಅನ್ನು 1892ರಲ್ಲಿ ತನ್ನಲ್ಲಿ ಸೇರಿಸಿಕೊಂಡು ಸೆಕೆಂಡ್ ಡಿವಿಷನ್ ಕಟ್ಟಿತು. ಆಗ ಅಗ್ರಸ್ಥಾನ ಪಡೆದ ಮಾತ್ರಕ್ಕೆ ಮೇಲಿನ ಡಿವಿಷನ್ನಿನ ಬಾಗಿಲು ತೆರೆಯುತ್ತಿರಲಿಲ್ಲ. ಮೇಲಿನ ಡಿವಿಷನ್ನಿನ ತಳದ ತಂಡಗಳೊಂದಿಗೆ ಸೆಣಸಿ ಗೆಲ್ಲಬೇಕಿತ್ತು. ಸೆಕೆಂಡ್ ಡಿವಿಷನ್ನಿನ ಮೊಟ್ಟಮೊದಲ ಚಾಂಪಿಯನ್ ಸ್ಮಾಲ್ ಹೀತ್ (ಇಂದಿನ ಬರ್ಮಿಂಗ್‌ಹ್ಯಾಮ್ ಸಿಟಿ) ಹಾಗೆ ಸೆಣಸಿ, ನ್ಯೂಟನ್ ಹೀತ್ (ಇಂದಿನ ಮ್ಯಾಂಚೆಸ್ಟರ್ ಯುನೈಟೆಡ್) ಎದುರು ಸೋತು ಇದ್ದಲ್ಲೇ ಉಳಿಯಿತು.

ಈ ಸೆಣಸಾಟಗಳ ಹೆಸರು ‘ಟೆಸ್ಟ್ ಮ್ಯಾಚ್’! ಇದನ್ನು ‘ಟೆಸ್ಟ್ ಪಂದ್ಯ’ ಎಂದು ಬರೆದರೆ ಓದುಗರ ಕಣ್ಣ ಮುಂದೆ ಬಿಳಿ ಉಡುಪಿನ ಐದು ದಿನಗಳ ಕ್ರಿಕೆಟ್ ಬಂದು ನಿಲ್ಲುತ್ತದೆ. ‘ಪರೀಕ್ಷಾ ಪಂದ್ಯ’ ಎಂದರೆ ಪ್ರಾಯೋಗಿಕವಾಗಿ ಆಡಿಸಿದ್ದು ಎಂಬ ಅರ್ಥ ಹೊಳೆಯುತ್ತದೆ. ಸದ್ಯಕ್ಕೆ ‘ಅರ್ಹತಾ ಪಂದ್ಯ’ ಎಂದು ಇಟ್ಟುಕೊಂಡಿದ್ದೇನೆ. ‘ಒರೆಗಲ್ಲ ಪಂದ್ಯ’ ಎಂಬುದೂ ಹೊಳೆದಿತ್ತು, ಆದರೆ ಅದು ವರದಿಯ ಭಾಷೆಗೆ ಸ್ವಲ್ಪ ಅಲಂಕಾರವಾಯಿತು.

ಈ ಪದ್ಧತಿ ಕೊನೆಗೊಂಡ ಬಗೆ ವಿಚಿತ್ರವಾಗಿದೆ. 1898ರಲ್ಲಿ ಸ್ಟೋಕ್ ಮತ್ತು ಬ್ಲ್ಯಾಕ್‌ಬರ್ನ್ ಮೇಲಿನಿಂದ, ಬರ್ನ್‌ಲಿ ಮತ್ತು ನ್ಯೂಕ್ಯಾಸಲ್ ಕೆಳಗಿನಿಂದ ಅರ್ಹತಾ ಪಂದ್ಯಗಳಿಗೆ ಬಂದವು. ಕೊನೆಯ ಪಂದ್ಯದಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ಮುಖಾಮುಖಿಯಾದಾಗ ಇಬ್ಬರಿಗೂ ಒಂದೊಂದು ಅಂಕ ಸಾಕಾಗಿತ್ತು. ಗೋಲಿನತ್ತ ನೆಟ್ಟಗೆ ಒಂದು ಹೊಡೆತವೂ ಹೋಗದ ಪಂದ್ಯವೆಂದೇ ಅದು ಕುಖ್ಯಾತ. 0–0 ಡ್ರಾ ಆಗಿ ಇಬ್ಬರೂ ಫಸ್ಟ್ ಡಿವಿಷನ್ ಸೇರಿದರು. ಇದರಿಂದ ಮುಜುಗರಕ್ಕೊಳಗಾದ ಲೀಗ್, ಡಿವಿಷನ್ ಅನ್ನು 18 ತಂಡಗಳಿಗೆ ಹಿಗ್ಗಿಸಿ ಬ್ಲ್ಯಾಕ್‌ಬರ್ನ್ ಮತ್ತು ನ್ಯೂಕ್ಯಾಸಲ್ ತಂಡಗಳನ್ನೂ ಚುನಾಯಿಸಿ ಒಳಗೆ ಕರೆದುಕೊಂಡಿತು. ಮುಂದಿನ ಋತುವಿನಿಂದ ಎರಡು ತಂಡ ಮೇಲಕ್ಕೆ, ಎರಡು ಕೆಳಕ್ಕೆ ಎಂಬ ನೇರ ನಿಯಮ ಜಾರಿಗೆ ಬಂತು.

ನ್ಯೂಕ್ಯಾಸಲ್‌ಗೆ 1898ರಲ್ಲಿ ಸಿಕ್ಕಿದ್ದು ನಿಜವಾದ ಅರ್ಥದಲ್ಲಿ ‘ಬಡ್ತಿ’. ಕೊಟ್ಟವರು ಇದ್ದರು, ಪಡೆದವರು ಇದ್ದರು. 1919ರಲ್ಲಿ ಆರ್ಸೆನಲ್‌ಗೆ ಸಿಕ್ಕಿದ್ದೂ ಅದೇ. ಮೊದಲ ಮಹಾಯುದ್ಧದ ನಂತರ ಫಸ್ಟ್ ಡಿವಿಷನ್ 20ರಿಂದ 22 ತಂಡಗಳಿಗೆ ಹಿಗ್ಗಿದಾಗ, ಸೆಕೆಂಡ್ ಡಿವಿಷನ್ನಿನ ಮೊದಲೆರಡು ಸ್ಥಾನಗಳಲ್ಲಿ ಇಲ್ಲದಿದ್ದ ಆರ್ಸೆನಲ್ 18 ಮತ ಗಳಿಸಿ ಮೇಲೆ ಹೋಯಿತು. ಫಸ್ಟ್ ಡಿವಿಷನ್ನಿನ ತಳದಲ್ಲಿದ್ದ ಟಾಟೆನ್‌ಹ್ಯಾಮ್‌ಗೆ ಬಿದ್ದದ್ದು 8 ಮತ. ಅಂದು ಮೇಲೆ ಹೋದ ಆರ್ಸೆನಲ್ ಮತ್ತೆ ಕೆಳಗಿಳಿದೇ ಇಲ್ಲ. 1990ರ ಪ್ಲೇಆಫ್ (ಮೇಲೇರುವ ಕೊನೆಯ ಸ್ಥಾನಕ್ಕಾಗಿ ನಡೆಯುವ ಪಂದ್ಯಗಳು) ಫೈನಲ್‌ನಲ್ಲಿ ಸ್ವಿಂಡನ್ 1–0ರಿಂದ ಸಂಡರ್‌ಲೆಂಡ್ ತಂಡವನ್ನು ಸೋಲಿಸಿತ್ತು. ಹಣಕಾಸಿನ ಅಕ್ರಮಕ್ಕಾಗಿ ಲೀಗ್ ಆ ಸ್ಥಾನವನ್ನು ಕಸಿದುಕೊಂಡಿತು, ಸೋತ ಸಂಡರ್‌ಲೆಂಡ್ ಮೇಲಕ್ಕೆ ಹೋಯಿತು. ಇಲ್ಲೂ ‘ಬಡ್ತಿ ನೀಡಲಾಯಿತು’ ಎಂದರೆ ಪೂರ್ತಿ ಸರಿ.

ಹಾಗಾಗಿ ನನ್ನ ಒಲವು ಹೀಗಿದೆ: ಆಡಿ ಗಳಿಸಿದ್ದಕ್ಕೆ ‘ಏರು’, ‘ಇಳಿ’ ಎಂಬ ಅಕರ್ಮಕ ಧಾತುಗಳು; ಸಭೆಯೋ ಸಮಿತಿಯೋ ತೀರ್ಮಾನಿಸಿದ್ದಕ್ಕೆ ಬಡ್ತಿ, ಹಿಂಬಡ್ತಿ, ‘ಏರಿಸಲಾಯಿತು’, ‘ಇಳಿಸಲಾಯಿತು’. ಕನ್ನಡದಲ್ಲಿ ಈ ವ್ಯತ್ಯಾಸ ಒಂದು ‘ಇಸು’ ಪ್ರತ್ಯಯದಲ್ಲಿ ಮುಗಿದುಹೋಗುತ್ತದೆ. ಅದನ್ನು ಬಳಸದೆ ಬಿಡುವುದು ನಷ್ಟ.

ತೊಡಕಿರುವುದು ನಾಮಪದದಲ್ಲಿ. ಬರೀ ‘ಏರಿಕೆ’, ‘ಇಳಿಕೆ’ ಎಂದರೆ ಬೆಲೆಯ ಸುದ್ದಿಯಂತೆ ಕೇಳಿಸುತ್ತದೆ. ‘ಪದೋನ್ನತಿ’, ‘ಪದಾವನತಿ’ ಮತ್ತೆ ಕಚೇರಿಗೇ ಕರೆದೊಯ್ಯುತ್ತವೆ. ‘ಲೀಗ್‌ನಿಂದ ಹೊರಬಿದ್ದಿತು’ ಎಂಬ ರೂಢಿಯನ್ನಂತೂ ದಯವಿಟ್ಟು ಕೈಬಿಡಬೇಕು. ಹೊರಬೀಳುವುದು ನಾಕೌಟ್ ಟೂರ್ನಿಯಲ್ಲಿ. ಇಲ್ಲಿ ತಂಡ ಮುಂದಿನ ವರ್ಷವೂ ಆಡುತ್ತದೆ, ಒಂದು ಮೆಟ್ಟಿಲು ಕೆಳಗೆ ಆಡುತ್ತದೆ ಅಷ್ಟೆ.

ಪಟ್ಟಿಗಳಿಗಾಗಿ ನಾನು ಕಂಡುಕೊಂಡ ದಾರಿ ಇದು. 1920ರಲ್ಲಿ ಥರ್ಡ್ ಡಿವಿಷನ್ ಬಂದ ಮೇಲೆ ಎರಡನೇ ಹಂತಕ್ಕೆ ಮೇಲೂ ಬಾಗಿಲು, ಕೆಳಗೂ ಬಾಗಿಲು. ನಮ್ಮ ‘ಹೋಗು’, ‘ಬರು’ ಇಲ್ಲಿ ಚೆನ್ನಾಗಿ ಒದಗುತ್ತವೆ. ಮೇಲಿನ ಹಂತಕ್ಕೆ ‘ಏರಿಹೋದ ತಂಡಗಳು’, ಅಲ್ಲಿಂದ ‘ಇಳಿದುಬಂದ ತಂಡಗಳು’, ಮೂರನೇ ಹಂತದಿಂದ ‘ಏರಿಬಂದ ತಂಡಗಳು’, ಅಲ್ಲಿಗೆ ‘ಇಳಿದುಹೋದ ತಂಡಗಳು’. ಎಲ್ಲಿಂದ ಎಲ್ಲಿಗೆ ಎಂದು ಬೇರೆ ಹೇಳಬೇಕಾಗಿಯೇ ಇಲ್ಲ. ಇದು ನನಗೆ ಬಹಳ ಹಿಡಿಸಿದೆ. ಪತ್ರಿಕೆಯ ಶೀರ್ಷಿಕೆಗೂ ಒಗ್ಗೀತೇ ಎಂಬುದನ್ನು ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ಹೇಳಬೇಕು.

ಇನ್ನು ಹಂತದ ಹೆಸರು. ‘ಎರಡನೇ ದರ್ಜೆ’ ಎಂಬುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ‘ಎರಡನೇ ದರ್ಜೆಯ ಪ್ರಜೆ’ ಎನ್ನುವಾಗಿನ ತಾತ್ಸಾರ ಅದಕ್ಕೆ ಅಂಟಿಕೊಂಡಿದೆ. ನಾಟಿಂಗ್‌ಹ್ಯಾಮ್ ಫಾರೆಸ್ಟ್ 1977ರಲ್ಲಿ ಸೆಕೆಂಡ್ ಡಿವಿಷನ್ನಿನಲ್ಲಿ ಮೂರನೆಯದಾಗಿ ಮೇಲೇರಿತು. 1973–74ರಿಂದ ಮೂರು ತಂಡಗಳಿಗೆ ಅವಕಾಶ ಸಿಕ್ಕಿದ್ದರಿಂದ ಅದು ಸಾಧ್ಯವಾಯಿತು. ಮರುವರ್ಷವೇ ದೇಶದ ಚಾಂಪಿಯನ್, 1979 ಮತ್ತು 1980ರಲ್ಲಿ ಯುರೋಪಿನ ಚಾಂಪಿಯನ್. ಅಂಥ ತಂಡ ಬೆಳೆದ ಅಂಗಳವನ್ನು ಎರಡನೇ ದರ್ಜೆ ಎನ್ನಲು ನನ್ನಿಂದಾಗದು.

‘ಡಿವಿಷನ್’ ಅನ್ನು ಅನುವಾದಿಸಿದರೆ ಇನ್ನೂ ಗೋಜಲು. 1992ರಲ್ಲಿ ಪ್ರೀಮಿಯರ್ ಲೀಗ್ ಬೇರೆಯಾದಾಗ ಸೆಕೆಂಡ್ ಡಿವಿಷನ್ ಹೆಸರು ಫಸ್ಟ್ ಡಿವಿಷನ್ ಎಂದಾಯಿತು, 2004ರಲ್ಲಿ ಅದೇ ‘ಚಾಂಪಿಯನ್‌ಷಿಪ್’ ಆಯಿತು. ಅಂದರೆ 1991ರ ‘ಪ್ರಥಮ ವಿಭಾಗ’ವೂ 1995ರ ‘ಪ್ರಥಮ ವಿಭಾಗ’ವೂ ಒಂದೇ ಅಲ್ಲ. ಭಾರತದಲ್ಲೂ ಇಂಥದ್ದೇ ನಡೆದಿದೆ: ದೇಶದ ಅತ್ಯುನ್ನತ ಲೀಗ್ ಆಗಿದ್ದ ಐ-ಲೀಗ್ 2022–23ರಲ್ಲಿ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಕೆಳಗಿನ ಎರಡನೇ ಹಂತವಾಯಿತು, ಐ-ಲೀಗ್ 2 ಎಂಬುದು ಮೂರನೆಯದಾಯಿತು. ಆದ್ದರಿಂದ ಲೀಗ್‌ಗಳ ಹೆಸರನ್ನು ಇದ್ದ ಹಾಗೆಯೇ ಉಳಿಸಿ, ಸ್ಥಾನವನ್ನು ಹೇಳುವಾಗ ಮಾತ್ರ ‘ಹಂತ’ ಎನ್ನುತ್ತಿದ್ದೇನೆ. ‘ಹಂತ’ಕ್ಕೂ ಒಂದು ಅಡ್ಡಿಯಿದೆ. ‘ಗುಂಪು ಹಂತ’, ‘ಸೆಮಿಫೈನಲ್ ಹಂತ’ ಎಂದು ಟೂರ್ನಿಯ ಘಟ್ಟಗಳಿಗೆ ಅದು ಈಗಾಗಲೇ ಸಂದುಹೋಗಿದೆ. ‘ಸ್ತರ’ ಎಂದರೆ ಈ ಗೊಂದಲ ತಪ್ಪುತ್ತದೆ, ಕ್ರೀಡಾಪುಟಕ್ಕೆ ಅದು ತುಸು ಬಿಗಿಯೆನಿಸುತ್ತದೆ.

ಕೊನೆಯದಾಗಿ, ನಾರ್ವಿಚ್‌ನಂಥ ತಂಡಗಳಿವೆ. 2019ರಲ್ಲಿ ಏರಿ, 2020ರಲ್ಲಿ ಇಳಿದು, 2021ರಲ್ಲಿ ಮತ್ತೆ ಏರಿ, 2022ರಲ್ಲಿ ಮತ್ತೆ ಇಳಿಯಿತು. ಇಂಥವನ್ನು ‘ಉಯ್ಯಾಲೆ ತಂಡ’ ಎಂದು ಕರೆದಿದ್ದೇನೆ. ಮನಸ್ಸಿನ ಹೊಯ್ದಾಟದ ಅರ್ಥ ಅಡ್ಡ ಬರುತ್ತದೆಯೇ? ‘ಹಂತ’, ‘ಸ್ತರ’ ಎರಡರಲ್ಲಿ ನಿಮ್ಮ ಮತ ಯಾವುದಕ್ಕೆ? ಕಾರಣ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.